ಚಿಲಕಕ್ಕೆ ಕಟ್ಟಿದ ಬಟ್ಟೆ

ಹಳೇ ವಠಾರ, ಮೂರನೆಯ ಮಹಡಿ
ಫೆಬ್ರವರಿ ೧೧, ಭಾನುವಾರ ಮಧ್ಯಾಹ್ನ

ಪ್ರೀತಿಯ ತಮ್ಮಾ,

ಹೇಗಿದ್ದೀಯೋ? ಹೊಟ್ಟೆಯ ಉರಿ ಕಡಿಮೆಯಾಯಿತೆ? ಹೊತ್ತು ಹೊತ್ತಿಗೆ ಊಟ ಮಾಡದೆ, ಬರೀ ಕಾಫಿ ಕುಡಿದುಕೊಂಡು ಓದುತ್ತಾ ಕೂತರೆ ಯಾವ ಹೊಟ್ಟೆ ತಾನೇ ಸುಮ್ಮನಿರುತ್ತದೆ ಹೇಳು. ಕಳೆದ ಸಲ ನೀನು ಬಂದಾಗ ಕೆನ್ನೆ ಒಳಗೆ ಹೋಗಿದ್ದನ್ನು ನೋಡಿ ಎದುರುಮನೆಯ ಟೈಲರಮ್ಮ, “ಏನ್ರೀ, ನಿಮ್ಮ ತಮ್ಮ ಬಡವರ ಬಗ್ಗೆ ಓದೀ ಓದೀ ಅವರ ಥರಾನೇ ಆಗ್ಬಿಟ್ಟಿದ್ದಾರಲ್ಲ” ಅಂದಿದ್ದಳು. ನಾನು ನಕ್ಕುಬಿಟ್ಟೆ. ಆಮೇಲೆ ಒಳಗೆ ಬಂದು ನಿನಗೆ ಎರಡು ಸಲ ಬಡಿಸಿದೆ, ನೆನಪಿರಬೇಕು. ಕನ್ನಡಕದ ನಂಬರ್ ಮತ್ತೆ ಏರಿದೆಯೆಂದು ಬರೆದಿದ್ದೀಯ. ಕತ್ತಲಲ್ಲಿ ಕೂತು ಓದಬೇಡ.

ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು. ಫೋನ್ ಮಾಡಿದರೆ ನೀನು “ಅಕ್ಕಾ, ಮೀಟಿಂಗಲ್ಲಿದ್ದೀನಿ, ಆಮೇಲೆ ಮಾಡ್ಲಾ?” ಅನ್ನುತ್ತೀಯ. ಆ ಆಮೇಲೆ ಇನ್ನೂ ಬಂದಿಲ್ಲ. ಕಾಗದವಾದರೆ ನನ್ನ ಮಾತನ್ನು ನೀನು ನಡುವೆ ಕತ್ತರಿಸಲಾರೆ. ಹೆಚ್ಚೆಂದರೆ ಹರಿದು ಹಾಕಬಹುದು. ಹರಿಯುವ ಮುಂಚೆ ಪೂರ್ತಿ ಓದು, ನನ್ನ ಅಷ್ಟು ಋಣ ನಿನ್ನ ಮೇಲಿದೆ.

ನಾನು ಚೆನ್ನಾಗಿದ್ದೇನೆ. ಆಸ್ಪತ್ರೆಯ ಲಾಂಡ್ರಿಗೆ ಹೊಸ ಇಸ್ತ್ರಿ ರೋಲರ್ ಬಂದಿದೆ. ಹಳೆಯದಕ್ಕಿಂತ ಬೇಗ ಬಿಸಿಯಾಗುತ್ತದೆ, ಬೇಗ ತಿರುಗುತ್ತದೆ, ಹಾಗಾಗಿ ನಾವೂ ಬೇಗ ತಿರುಗಬೇಕು. ಒದ್ದೆ ಬೆಡ್‌ಶೀಟಿನ ಒಂದು ತುದಿ ನನ್ನ ಕೈಲಿ, ಇನ್ನೊಂದು ತುದಿ ನನ್ನ ಜೋಡಿಯ ಕೈಲಿ; ಇಬ್ಬರೂ ಒಟ್ಟಿಗೆ ಒಳಗೆ ಕೊಡಬೇಕು, ಒಬ್ಬರು ತಡ ಮಾಡಿದರೆ ಬಟ್ಟೆ ಸೊಟ್ಟಗೆ ಹೋಗಿ ಸುಕ್ಕುಗಟ್ಟುತ್ತದೆ. ಅದೇ ಕೆಲಸ, ಅದೇ ಹಬೆ. ಬೆರಳ ತುದಿಗಳಿಗೆ ಈಗ ಬಿಸಿ ಗೊತ್ತಾಗುವುದಿಲ್ಲ, ಅದೊಂದು ಸೌಕರ್ಯ. ಮಗಳು ಔಷಧಿ ಪ್ಯಾಕಿಂಗ್ ಕಾರ್ಖಾನೆಗೆ ಹೋಗುತ್ತಿದ್ದಾಳೆ. ಅಳಿಯ ಸೇತುವೆ ಕಟ್ಟುವವರ ಜೊತೆ ಊರೂರು ಸುತ್ತುತ್ತಿದ್ದಾನೆ. ಒಂದು ಸೇತುವೆ ಮುಗಿದಾಗ ಬಂದು ಮುಖ ತೋರಿಸಿ ಇನ್ನೊಂದಕ್ಕೆ ಹೋಗುತ್ತಾನೆ.

ಗುಬ್ಬಿ ಚೆನ್ನಾಗಿದ್ದಾಳೆ. ಎರಡೂವರೆ ವರ್ಷದ ಹುಡುಗಿಯ ಬಾಯಿ ನೀನು ಕೇಳಬೇಕು. ನಿನ್ನನ್ನು ‘ಟೈ ತಾತ’ ಎನ್ನುತ್ತಾಳೆ, ನಿನ್ನ ಹೊಸ ಪುಸ್ತಕದ ಹಿಂದಿನ ಫೋಟೋದಲ್ಲಿ ಟೈ ಕಟ್ಟಿಕೊಂಡಿದ್ದೀಯಲ್ಲ. ಅಕ್ಕನ ಮೊಮ್ಮಗಳು ಬಾಯಿ ಬಿಟ್ಟಿದ್ದೇ ತಡ, ಮೂವತ್ನಾಲ್ಕಕ್ಕೇ ತಾತನಾಗಿಬಿಟ್ಟೆ ನೋಡು. ಶಿಶುವಿಹಾರ ಮುಚ್ಚಿದ ಮೇಲೆ ಹಗಲು ಹೊತ್ತು ಅವಳನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ನಿನ್ನ ಕಾಗದದಲ್ಲಿ ಕೇಳುತ್ತೀಯೇನೋ ಎಂದು ಎರಡು ಸಲ ತಿರುವಿ ನೋಡಿದೆ. ಕೇಳಿಲ್ಲ. ಹೋಗಲಿ, ಆ ವಿಷಯ ಆಮೇಲೆ ಬರೆಯುತ್ತೇನೆ.

ನಮ್ಮ ವಠಾರದ ಬಗ್ಗೆ ನೀನು ಬರೆದ ಆ ಪುಸ್ತಕ ಮಂಗಳವಾರ ಬಂತು. ವಠಾರದಲ್ಲಿ ಸುದ್ದಿ ಹರಡುವುದಕ್ಕೆ ಎಷ್ಟು ಹೊತ್ತು ಬೇಕು? ಸಂಜೆಯ ಹೊತ್ತಿಗೆ ನಮ್ಮ ಮಹಡಿಯ ಕಾರಿಡಾರಿನಲ್ಲಿ ಹೆಂಗಸರೆಲ್ಲ ಸೇರಿದರು. ಪಕ್ಕದ ಮನೆಯ ರೇಡಿಯೋ ಅಜ್ಜಿಯೂ ತನ್ನ ಕುರ್ಚಿಯನ್ನು ಹೊಸ್ತಿಲಿಗೆ ಎಳೆದುಕೊಂಡು ಕೂತಳು. ಕಿವಿ ಕೇಳದೆ ದಿನವಿಡೀ ರೇಡಿಯೋ ಕೂಗಿಸುತ್ತಾಳಲ್ಲ, ಅದೇ ಅಜ್ಜಿ. ನೀನು ಡಾಕ್ಟರಾದೆ ಎಂದು ಕೇಳಿ ಮಂಡಿ ತೋರಿಸಲು ಬಂದಿದ್ದಳು. ಔಷಧಿ ಕೊಡುವ ಡಾಕ್ಟರಲ್ಲ ಅಂತ ನೀನು ಸಮಜಾಯಿಷಿ ಕೊಟ್ಟಾಗ, “ಹಾಗಾದ್ರೆ ಯಾವ ಸುಖಕ್ಕೆ ಅಷ್ಟು ವರ್ಷ ಓದ್ದೆ ಮಗಾ” ಅಂದಿದ್ದಳು. ಆವತ್ತು ನಿನ್ನ ಪರವಾಗಿ ನಾನು ಅವಳ ಮೇಲೆ ಸಿಡಿದಿದ್ದೆ. ಈಗ ಆ ಪ್ರಶ್ನೆಯನ್ನು ಅವಳಿಂದ ಕಡ ತಂದು ಕೇಳೋಣ ಅನ್ನಿಸುತ್ತಿದೆ.

ಪುಸ್ತಕ ನಮ್ಮ ಭಾಷೆಯಲ್ಲಿಲ್ಲವಲ್ಲ, ಮಗಳು ಓದಿ ಓದಿ ಅರ್ಥ ಹೇಳುತ್ತಾ ಹೋದಳು. ಮೊದಮೊದಲು ನಗುವೋ ನಗು. ನಾನು ಹನ್ನೊಂದನೆಯ ಮಾಹಿತಿದಾರಳಂತೆ! ನಿನ್ನ ಮೂಗು ಒರೆಸಿದ ಮಾಹಿತಿದಾರಳು, ಕಾಲಿಗೆ ಮುಳ್ಳು ಚುಚ್ಚಿದಾಗ ಊರೆಲ್ಲ ಕೇಳುವ ಹಾಗೆ ನೀನು ಕೂಗಿ ಕರೆದ ಮಾಹಿತಿದಾರಳು. ನಮ್ಮಲ್ಲಿ ಸಾಮಾಜಿಕ ಬಂಡವಾಳ ಹೇರಳವಾಗಿದೆ ಎಂದು ಒಂದು ಕಡೆ ಬರೆದಿದ್ದೀಯಂತೆ. “ಇಷ್ಟು ದಿನ ಹೇಳ್ಲೇ ಇಲ್ಲ ನೋಡಿ ನಿಮ್ಮ ತಮ್ಮ” ಎಂದು ಟೈಲರಮ್ಮ ಸೆರಗು ಕೊಡವಿ ಹುಡುಕಿದಳು. ಆಮೇಲೆ ರೇಡಿಯೋ ಅಜ್ಜಿಯ ಸರದಿ. ಅವಳು ‘ಏಕಕಾಲಕ್ಕೆ ಹಲವು ಮಕ್ಕಳ ಮೇಲೆ ನಿಗಾ ಇಡುವ ಸಮುದಾಯದ ಹಿರಿಯಾಕೆ.’ ಇದನ್ನು ಅವಳ ಕಿವಿಯ ಹತ್ತಿರ ಹೋಗಿ ಟೈಲರಮ್ಮ ಕೂಗಿ ಹೇಳಬೇಕಾಯಿತು. ಅಜ್ಜಿ ಬೆಚ್ಚಿಬಿದ್ದು, “ನಾನಾ? ನನ್ನನ್ನೇ ಯಾರಾದ್ರೂ ನೋಡ್ಕೊಂಡ್ರೆ ಸಾಕಾಗಿದೆಯಲ್ಲಮ್ಮಾ” ಅಂದಳು. ಇಡೀ ಕಾರಿಡಾರು ಹೊಟ್ಟೆ ಹಿಡಿದುಕೊಂಡು ನಕ್ಕಿತು.

ಬಟ್ಟೆಯ ಅಧ್ಯಾಯ ಬಂದಾಗ ನಗು ನಿಂತಿತು. ಬಾಗಿಲುಗಳ ಚಿಲಕಕ್ಕೆ ನಾವು ಕಟ್ಟುವ ಬಣ್ಣದ ಬಟ್ಟೆಯ ತುಂಡಿನ ಬಗ್ಗೆ ನೀನು ಎಷ್ಟೊಂದು ಚಂದ ಬರೆದಿದ್ದೀಯೋ ತಮ್ಮಾ. ಅದು ‘ಮಾತಿಲ್ಲದ ಒಪ್ಪಂದ’ವಂತೆ. ಬೇರೆ ಬೇರೆ ಸೀಮೆಗಳಿಂದ ಬಂದು, ಒಬ್ಬರ ಭಾಷೆ ಒಬ್ಬರಿಗೆ ಬಾರದ ಹೆಂಗಸರು ಕಟ್ಟಿಕೊಂಡ ಹೊಸ ಭಾಷೆಯಂತೆ. ಈ ಮನೆಯಲ್ಲಿ ಮಗುವಿದೆ, ಹಾದು ಹೋಗುವವರೆಲ್ಲ ಒಂದು ಕಣ್ಣಿಡಿ ಎಂದು ಅದು ಹೇಳುತ್ತದಂತೆ. ಮಗಳು ಓದುವುದನ್ನು ಮುಗಿಸುವ ಮುಂಚೆಯೇ ಬೇಕರಿಯವನ ಹೆಂಡತಿ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಉಳಿದವರೂ ಒಬ್ಬೊಬ್ಬರಾಗಿ ಎದ್ದರು. ಒಲೆ ಮೇಲೆ ಏನೋ ಇಟ್ಟಿದ್ದೇನೆ ಎಂದು ಎಲ್ಲರಿಗೂ ಒಟ್ಟಿಗೇ ನೆನಪಾಯಿತು.

ಆ ಬಟ್ಟೆ ಏನು ಹೇಳುತ್ತದೆ ಎಂದು ಈಗ ನಾನು ಹೇಳುತ್ತೇನೆ, ಬರೆದುಕೋ. ಒಳಗೆ ಮಗು ಒಂದೇ ಇದೆ, ಹೊರಗೆ ಬೀಗ ಬಿದ್ದಿದೆ, ತಾಯಿ ಪಾಳಿಗೆ ಹೋಗಿದ್ದಾಳೆ, ಬೆಂಕಿ ಬಿದ್ದರೆ ಈ ಬಾಗಿಲನ್ನು ಮೊದಲು ಒಡೆಯಿರಿ. ಅಷ್ಟೇ ಅದರ ಭಾಷೆ. ನಾವಿಬ್ಬರೂ ಇಲ್ಲಿಗೆ ಬಂದ ವರ್ಷವೇ ಹಿಂದಿನ ಬೀದಿಯ ಕಟ್ಟಡಕ್ಕೆ ಬೆಂಕಿ ಬಿತ್ತು. ಬಾಗಿಲು ಒಡೆಯಲು ಬಂದವರಿಗೆ ಯಾವುದನ್ನು ಮೊದಲು ಒಡೆಯಬೇಕು ಎಂದು ತಿಳಿಯಲಿಲ್ಲ. ಅದಕ್ಕಿಂತ ಹೆಚ್ಚು ನಾನು ಬರೆಯುವುದಿಲ್ಲ. ಅದಾದ ವಾರದಿಂದ ಬಟ್ಟೆ ಕಟ್ಟುವುದು ಶುರುವಾಯಿತು. ಹಾದು ಹೋಗುವವರು ಕಣ್ಣಿಡುತ್ತಾರೆ, ಹೌದು, ಸುಳ್ಳಲ್ಲ. ಆದರೆ ಹಾದು ಹೋಗುವವರು ಯಾರು? ಎಲ್ಲರೂ ಪಾಳಿಗೆ ಹೋದ ಮೇಲೆ ಈ ಕಾರಿಡಾರಿನಲ್ಲಿ ಬೆಕ್ಕು ಓಡಾಡುತ್ತದೆ.

ನಿನ್ನ ಬಾಗಿಲಿಗೂ ಕಟ್ಟುತ್ತಿದ್ದೆನಲ್ಲೋ. ನಮ್ಮಮ್ಮ ಹೋದಾಗ ನಿನಗೆ ಮೂರು ವರ್ಷ, ನನಗೆ ಹತ್ತೊಂಬತ್ತು. ನಿನ್ನನ್ನು ಸೊಂಟದ ಮೇಲೆ ಹೊತ್ತು ಇಲ್ಲಿಗೆ ಬಂದು ಲಾಂಡ್ರಿ ಸೇರಿದೆ. ಬೀಗ ಹಾಕದೆ ಬೇರೆ ದಾರಿ ಇರಲಿಲ್ಲ, ಅದಕ್ಕೆ ನಾನು ಯಾವತ್ತೂ ನಾಚಿಲ್ಲ, ಈಗಲೂ ನಾಚುವುದಿಲ್ಲ. ನೀನೂ ಅದನ್ನು ಮುಚ್ಚಿಟ್ಟವನಲ್ಲ. “ನಮ್ಮಕ್ಕ ನನ್ನನ್ನ ಬೀಗ ಹಾಕಿ ಬೆಳೆಸಿದ್ಲು” ಅಂತ ಸ್ನೇಹಿತರ ಮುಂದೆ ನಗುತ್ತಾ ಹೇಳುತ್ತೀಯ, ನಾನೇ ಕೇಳಿದ್ದೇನೆ. ಯಾರೇ ಬಾಗಿಲು ತಟ್ಟಲಿ, ನಾನೇ ಬಂದೆ ಎಂದುಕೊಂಡು ನೀನು ಓಡಿ ಬಂದು ಬಾಗಿಲ ಕೆಳಗಿನ ಸಂದಿಯಲ್ಲಿ ಬೆರಳು ತೂರಿಸುತ್ತಿದ್ದೆಯಂತೆ. ತಟ್ಟಿದವರು ಹೊರಟು ಹೋದ ಮೇಲೂ ಆ ಬೆರಳುಗಳು ಅಲ್ಲೇ ಇರುತ್ತಿದ್ದವಂತೆ. ಕೆಳಗಿನ ಮನೆಯವರು ಹೇಳಿದ್ದು. ಆವತ್ತಿನಿಂದ ನಮ್ಮ ಬಾಗಿಲು ಯಾರೂ ತಟ್ಟಬಾರದು ಎಂದು ಎಲ್ಲರಿಗೂ ಹೇಳಿಟ್ಟಿದ್ದೆ.

ಈ ವಾರವೆಲ್ಲ ರೋಲರಿಗೆ ಬಟ್ಟೆ ಕೊಡುತ್ತಾ ಇದನ್ನೇ ಯೋಚಿಸಿದೆ. ನೀನು ಒಳಗಿದ್ದವನು. ನಿನಗೆ ಬೀಗ ಗೊತ್ತಿತ್ತು, ಬಟ್ಟೆ ಗೊತ್ತಿರಲಿಲ್ಲ, ಯಾಕೆಂದರೆ ಅದು ಹೊರಗಡೆ ಇರುತ್ತಿತ್ತು. ಇಷ್ಟು ವರ್ಷ ಓದಿ, ಹೊರಗಿನವನಾಗಿ ಬಂದು ನಿಂತಾಗ ಬಟ್ಟೆ ಕಣ್ಣಿಗೆ ಬಿತ್ತು. ಆಗ ಬೀಗ ಎಲ್ಲಿ ಹೋಯಿತೋ? ಅದು ಬಟ್ಟೆಯ ಕೆಳಗೇ, ಒಂದು ಗೇಣು ಅಂತರದಲ್ಲಿ ತೂಗುತ್ತಿತ್ತಲ್ಲ.

ಹೆಂಗಸರು ನಿನಗೆ ಸುಳ್ಳು ಹೇಳಿದರು, ಅದನ್ನೂ ಬರೆಯುತ್ತೇನೆ. ನೀನು ಆ ಮೂರು ತಿಂಗಳು ನಮ್ಮ ಮನೆಯಲ್ಲಿದ್ದು, ರೆಕಾರ್ಡರ್ ಹಿಡಿದು ಮನೆಮನೆಗೆ ಹೋಗುವ ಮುಂಚೆ ನಾನೇ ಎಲ್ಲರಿಗೂ ಹೇಳಿದ್ದೆ: ನನ್ನ ತಮ್ಮ ಬರ್ತಾನೆ, ಮರ್ಯಾದೆಯಾಗಿ ಮಾತಾಡಿ. ಅವರು ನೆಲ ಒರೆಸಿದರು, ಒಳ್ಳೆಯ ಬಟ್ಟೆ ಉಟ್ಟರು. ನೀವು ಕೆಲಸಕ್ಕೆ ಹೋದಾಗ ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ನೀನು ಕೇಳಿದಾಗ, ಅಕ್ಕಪಕ್ಕದವರಿದ್ದಾರೆ, ನಾವೆಲ್ಲ ಒಂದೇ ಮನೆಯವರ ಥರ ಎಂದರು. ಮತ್ತೇನನ್ನಬೇಕಿತ್ತು? ಮಗುವನ್ನು ಕೂಡಿ ಹಾಕುವುದು ಅಪರಾಧ ಅಂತ ಎಲ್ಲರಿಗೂ ಗೊತ್ತು. ಬೇಕರಿಯವನ ಹೆಂಡತಿಯ ದೊಡ್ಡ ಮಗುವನ್ನು ಹಾಗೇ ಒಮ್ಮೆ ಅಧಿಕಾರಿಗಳು ಎತ್ತಿಕೊಂಡು ಹೋಗಿ ಮಕ್ಕಳ ಆಶ್ರಯಧಾಮದಲ್ಲಿಟ್ಟಿದ್ದರು. ಕಚೇರಿ ಕಚೇರಿ ಅಲೆದು ಅವಳು ಅದನ್ನು ವಾಪಸು ತಂದಾಗ ಮಗು ಗುರುತು ಸಿಗದೆ ಅವಳ ಸೊಂಟ ಏರಲಿಲ್ಲ. ಅಂಥವಳು ಕೆಂಪು ದೀಪ ಮಿನುಗುವ ಯಂತ್ರದ ಮುಂದೆ ನಿಜ ಹೇಳುತ್ತಾಳೆಯೇ? ನೀನು ನಂಬುವುದಿಲ್ಲ ಎಂದು ನಾನು ನಂಬಿದ್ದೆ. ಇವನು ಇಲ್ಲೇ ಬೆಳೆದವನು, ಬಾಯಿ ಹೇಳಿದ್ದನ್ನು ಬಿಟ್ಟು ಬಾಗಿಲು ಹೇಳುವುದನ್ನು ಬರೆದುಕೊಳ್ಳುತ್ತಾನೆ, ಹೆಸರು ಹೇಳದೆ ಹೇಗೋ ಸಂಭಾಳಿಸುತ್ತಾನೆ, ಅಂದುಕೊಂಡಿದ್ದೆ.

ನಿನ್ನ ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ, ಅದು ಗೊತ್ತು. ಹೊರಗಿನಿಂದ ಬಂದವರು ಊರಿನ ಸವಲತ್ತನ್ನೆಲ್ಲ ತಿಂದು ತೇಗುತ್ತಿದ್ದಾರೆ ಎಂದು ಪೇಪರಿನವರು ಬರೆದಾಗ ನಿನ್ನ ಮೈ ಉರಿದಿತ್ತು. “ಇವರು ಯಾರಿಗೂ ಹೊರೆಯಲ್ಲ ಅಂತ ತೋರಿಸ್ತೀನಿ ಅಕ್ಕಾ” ಎಂದು ನಮ್ಮ ಅಡುಗೆಮನೆಯಲ್ಲಿ ನಿಂತು ಅಂದಿದ್ದೆ. ನನಗೆ ಹೆಮ್ಮೆಯಾಗಿತ್ತು. ನೀನು ತೋರಿಸಿದೆ. ಅವರು ನೋಡಿದರು. ಹೊರೆಯಲ್ಲವೇ? ಒಳ್ಳೆಯದಾಯಿತು, ಹಾಗಾದರೆ ಇಳಿಸಿ ಎಂದರು.

ಹೇಗೆ ಇಳಿಸಿದರು ಎಂದು ನಿನಗೆ ಪೂರ್ತಿ ಗೊತ್ತಿಲ್ಲ, ಗೊತ್ತಿದ್ದರೆ ನಿನ್ನ ಕಾಗದ ಅಷ್ಟು ಲವಲವಿಕೆಯಿಂದ ಇರುತ್ತಿರಲಿಲ್ಲ. ನಾವು ಕೇಳಿಕೊಂಡದ್ದು ಒಂದೇ ಒಂದು. ಶಿಶುವಿಹಾರ ತೆರೆಯುವುದು ಎಂಟಕ್ಕೆ, ಬೆಳಗಿನ ಪಾಳಿ ಶುರುವಾಗುವುದು ಆರಕ್ಕೆ. ಆ ಎರಡು ಗಂಟೆ ಮುಂಚೆ ತೆರೆಯಿರಿ, ಬಾಗಿಲಿಗೆ ಬಟ್ಟೆ ಕಟ್ಟುವುದು ತಪ್ಪಲಿ ಎಂದು. ಬಟ್ಟೆಯ ಮಾತನ್ನು ಮಾತ್ರ ಬಾಯಿ ಬಿಟ್ಟು ಹೇಳಿರಲಿಲ್ಲ. ಅಧ್ಯಯನ ಮಾಡಿಸಿ ನೋಡೋಣ ಎಂದರು ಶಿಶುವಿಹಾರ ನಡೆಸುವ ಕಚೇರಿಯವರು. ಆ ಅಧ್ಯಯನಕ್ಕೆ ನಿನ್ನನ್ನೇ ಆರಿಸಿದರು ಎಂದಾಗ ಇಲ್ಲಿ ಹೆಂಗಸರು ಒಬ್ಬರನ್ನೊಬ್ಬರು ತಬ್ಬಿಕೊಂಡಿದ್ದರು. ನಮ್ಮ ಹುಡುಗನೇ ಬರುತ್ತಾನೆ, ಇನ್ನೇನು ಕೆಲಸ ಆದ ಹಾಗೇ ಅಂತ. ಶಿಶುವಿಹಾರವೇನು ಸುಮ್ಮನೆ ಬಂದದ್ದೇ? ನೀನು ಸ್ಕೂಲಿಗೆ ಹೋಗಲು ಶುರು ಮಾಡಿದ ಕಾಲಕ್ಕೆ, ಮಗಳು ಹೊಟ್ಟೆಯಲ್ಲಿದ್ದಾಗ, ನಾವೆಲ್ಲ ಕಚೇರಿಯ ಮೆಟ್ಟಿಲ ಮೇಲೆ ಕೂತು ಕೂತು ಬೈಸಿಕೊಂಡು ಪಡೆದದ್ದು. ನಿನಗೆ ಸಿಗದೆ ಹೋದದ್ದು ಅವಳಿಗೆ ಸಿಕ್ಕಿತು. ಗುಬ್ಬಿಗೂ ಸಿಕ್ಕಿತ್ತು.

ಹೋದ ಬೇಸಗೆಯಲ್ಲಿ, ಈಗ ಪುಸ್ತಕವಾಗಿರುವ ನಿನ್ನ ವರದಿ ಕಚೇರಿ ಸೇರಿತು. ನವೆಂಬರಿನಲ್ಲಿ ಒಂದು ದಿನ ಕಚೇರಿಯ ದೊಡ್ಡ ಮೇಡಂ ಬಂದರು. ಕೈಯಲ್ಲಿ ನಿನ್ನ ವರದಿ, ಪುಟಪುಟಕ್ಕೂ ಹಳದಿ ಗೆರೆ. ಶಿಶುವಿಹಾರದ ಮಕ್ಕಳ ಪುಟ್ಟ ಕುರ್ಚಿಗಳಲ್ಲಿ ನಾವು ಮಡಚಿಕೊಂಡು ಕೂತೆವು. “ನಿಮ್ಮನ್ನ ನೋಡಿ ನಾವೆಲ್ಲ ಕಲೀಬೇಕು. ನಿಮ್ಮಂಥ ಗಟ್ಟಿಗಿತ್ತಿಯರಿಗೆ ಯಾರ ಆಸರೆಯೂ ಬೇಕಿಲ್ಲ” ಅಂದರು. ಚಿಲಕದ ಬಟ್ಟೆಯ ಬಗ್ಗೆ ನಿನ್ನ ಮಾತುಗಳನ್ನು ಎರಡೆರಡು ಸಲ ಓದಿ ಹೇಳಿದರು. ಇಷ್ಟು ವರ್ಷಗಳಲ್ಲಿ ಕಚೇರಿಯಿಂದ ಬಂದವರು ಯಾರೂ ನಮ್ಮನ್ನು ಹೊಗಳಿರಲಿಲ್ಲ. ನಾವು ಚಪ್ಪಾಳೆ ತಟ್ಟಿದೆವು. ಟೈಲರಮ್ಮನದೇ ಎಲ್ಲರಿಗಿಂತ ಜೋರು. ನಾನೂ ತಟ್ಟಿದೆ, ನನ್ನ ತಮ್ಮ ಬರೆದದ್ದು ಎಂದು ಪಕ್ಕದವಳಿಗೆ ಬೇರೆ ಹೇಳಿದೆ. ಮೇಡಂ ಹೋದ ಮೇಲೆ ಟೀಚರು ಕುರ್ಚಿಗಳನ್ನು ಜೋಡಿಸುತ್ತಾ, ಅಕ್ಕಾ, ಮುಂದಿನ ತಿಂಗಳಿಂದ ಇದನ್ನ ಮುಚ್ತಾರಂತೆ, ಎಂದಳು. ನಾವು ನಮ್ಮದೇ ಶಿಶುವಿಹಾರ ಮುಚ್ಚಿದ್ದಕ್ಕೆ ಚಪ್ಪಾಳೆ ಹೊಡೆದವರು ಕಣೋ. ಇದನ್ನು ಯಾವ ಅಧ್ಯಾಯದಲ್ಲಿ ಹಾಕುತ್ತೀಯ?

ಗುಡ್ಡದ ಮೇಲಿನ ಬಡಾವಣೆಯ ಶಿಶುವಿಹಾರ ಹಾಗೇ ಇದೆ. ಅಲ್ಲಿ ಹುಲ್ಲುಹಾಸು, ಜಾರುಬಂಡೆ, ಇಬ್ಬರು ಆಯಾಗಳು. ಅಲ್ಲಿಯವರನ್ನು ಯಾರೂ ಅಧ್ಯಯನ ಮಾಡಲಿಲ್ಲ, ಅದಕ್ಕೇ ಉಳಿಯಿತು. ಅವರ ಮನೆಗೆ ಹೋಗಿ, ನಿಮ್ಮ ಅಕ್ಕಪಕ್ಕದವರು ನಿಮ್ಮ ಮಕ್ಕಳನ್ನು ನೋಡಿಕೊಳ್ಳುತ್ತಾರೆಯೇ ಎಂದು ಯಾರೂ ಕೇಳುವುದಿಲ್ಲ. ಕೇಳಿದ್ದರೆ ಗಂಟೆ ಒತ್ತಿ ಕಾವಲಿನವನನ್ನು ಕರೆಯುತ್ತಿದ್ದರು. ಒಗ್ಗಟ್ಟು, ಹೊಂದಾಣಿಕೆ, ಗಟ್ಟಿತನ ಎಲ್ಲ ನಮಗೆ, ಜಾರುಬಂಡೆ ಅವರಿಗೆ. ನೀನು ಅಸಮಾನತೆ ಅಂತ ದಪ್ಪ ದಪ್ಪ ಪುಸ್ತಕ ತರಿಸಿ ಓದುತ್ತೀಯಲ್ಲ, ಅದರಲ್ಲಿ ಹೊಗಳಿಕೆಯ ಬಗ್ಗೆ ಏನಾದರೂ ಇದೆಯೇ? ಯಾರಿಗೆ ಸವಲತ್ತು ಕೊಡುತ್ತಾರೆ, ಯಾರಿಗೆ ಬರೀ ಹೊಗಳಿಕೆ ಕೊಟ್ಟು ಕಳಿಸುತ್ತಾರೆ ಎಂಬ ಲೆಕ್ಕ?

ನಮ್ಮ ಶಿಶುವಿಹಾರದ ಬಾಗಿಲಿಗೆ ಈಗ ‘ಸಮುದಾಯ ಸ್ವಾವಲಂಬನ ಕೇಂದ್ರ’ ಎಂಬ ಬೋರ್ಡು ಹಾಕಿದ್ದಾರೆ. ಕಿಟಕಿಯಿಂದ ಇಣುಕಿದೆ. ದೊಡ್ಡವರ ಕುರ್ಚಿಗಳು ಒಂದರ ಮೇಲೊಂದು ಪೇರಿಸಿವೆ. ಮಕ್ಕಳು ಚೀಲ ನೇತುಹಾಕಲು ನನ್ನ ಮಂಡಿಯ ಎತ್ತರಕ್ಕೆ ಹೊಡೆದಿದ್ದ ಗೂಟಗಳು ಇನ್ನೂ ಗೋಡೆಯಲ್ಲಿವೆ. ಗುಬ್ಬಿಯ ಗೂಟ ಕೊನೆಯದು, ಅದರ ಮೇಲೆ ಟೀಚರು ಅಂಟಿಸಿದ್ದ ಹಕ್ಕಿಯ ಚಿತ್ರ ಅರ್ಧ ಕಿತ್ತಿದೆ. ಟೀಚರು ಈಗ ಚಪ್ಪಲಿ ಅಂಗಡಿಯಲ್ಲಿದ್ದಾಳೆ. ಮೊನ್ನೆ ಸಿಕ್ಕಾಗ ನಿನ್ನ ಯೋಗಕ್ಷೇಮ ಕೇಳಿದಳು. ಒಳ್ಳೆಯವಳು, ವ್ಯಂಗ್ಯ ಗೊತ್ತಿಲ್ಲದವಳು.

ಇನ್ನು ನಮ್ಮ ಮನೆಯ ಕಥೆ. ನಾನು ನಸುಕಿಗೆ ಹೋಗಿ ಮಧ್ಯಾಹ್ನ ಮೂರರ ಒಳಗೆ ಬರುತ್ತೇನೆ. ಮಗಳು ಎಂಟೂವರೆಗೆ ಹೊರಟರೆ ಸಂಜೆಗೆ ವಾಪಸು. ನಡುವಿನ ಹೊತ್ತನ್ನು ಶಿಶುವಿಹಾರ ತುಂಬುತ್ತಿತ್ತು, ಹಾಗಾಗಿ ನಮ್ಮ ಬಾಗಿಲಿಗೆ ಮಾತ್ರ ಬಟ್ಟೆ ಬಿದ್ದಿರಲಿಲ್ಲ. ಅದೃಷ್ಟವಂತರು ಎಂದು ಟೈಲರಮ್ಮ ದೃಷ್ಟಿ ತೆಗೆಯುತ್ತಿದ್ದಳು. ಅವಳೂ ಹೊಲಿಗೆ ಕಾರ್ಖಾನೆಗೆ ಹೋಗುವವಳು, ಅವಳ ಮಗನ ಬಾಗಿಲಿಗೆ ಹಸಿರು ಬಟ್ಟೆ. ಮುಚ್ಚಿದ ಮೇಲೆ ಮೊದಲು ನನ್ನ ರಜೆ ಕರಗಿತು, ಆಮೇಲೆ ಮಗಳ ರಜೆ. ಪಾಳಿ ಬದಲಿಸಿಕೊಡಿ ಎಂದು ಮೇಲ್ವಿಚಾರಕನನ್ನು ಕೇಳಿದೆ. ನಿಮ್ಮ ಜೋಡಿ ಒಬ್ಬಳೇ ಏನು ಮಾಡ್ತಾಳೆ, ಆಗದಿದ್ರೆ ಬಿಟ್ಟುಬಿಡಿ, ಹೊರಗೆ ಜನ ಕಾದಿದ್ದಾರೆ ಅಂದ. ಈಗ ಬಿಟ್ಟರೆ ನಿವೃತ್ತಿಯ ಸೌಲಭ್ಯ ಕೈ ತಪ್ಪುತ್ತದೆ, ಇಷ್ಟು ವರ್ಷ ಹಬೆ ಕುಡಿದದ್ದೆಲ್ಲ ನೀರಲ್ಲಿ ಹೋಮ. ಮಗಳು ಬಿಡಲಾ ಎಂದು ಕೇಳಿದಳು. ನಾನು ಹೂಂ ಅನ್ನಲಿಲ್ಲ. ಅವಳನ್ನು ಕಾಯಂ ಮಾಡುವ ಮಾತು ನಡೆಯುತ್ತಿದೆ, ಬಿಟ್ಟರೆ ಮತ್ತೆ ಹೊಸಬಳಾಗಿ ಗೇಟಿನ ಮುಂದೆ ನಿಲ್ಲಬೇಕು. ಒಬ್ಬರ ಕೈಯಲ್ಲಿರುವ ತುದಿ ಬಿಟ್ಟರೆ ಇನ್ನೊಬ್ಬರದೂ ಜಾರುತ್ತದೆ. ನಮ್ಮಿಬ್ಬರ ನಡುವೆ ಇದೇ ಜಗಳ, ಗುಬ್ಬಿಯ ಮುಂದೆ ಪಿಸುಮಾತಿನಲ್ಲಿ.

ಪುಸ್ತಕದ ಬಿಡುಗಡೆಗೆ ಬಾ ಎಂದು ಕರೆದಿದ್ದೀಯ. “ವೇದಿಕೆ ಮೇಲೆ ನನ್ನ ಪಕ್ಕದಲ್ಲೇ ಕೂರಿಸ್ತೀನಿ ಅಕ್ಕಾ, ಇದು ನಿನ್ನ ಪುಸ್ತಕ” ಎಂದು ಬರೆದಿದ್ದೀಯ. ಓದಿ ಅತ್ತೆ, ಸುಳ್ಳು ಯಾಕೆ ಹೇಳಲಿ. ಆದರೆ ಬರುವುದಿಲ್ಲ. ಅಲ್ಲಿ ನನ್ನನ್ನು ನೋಡಿ ಎಲ್ಲರೂ ಹೊಗಳುತ್ತಾರೆ. ಹೊಗಳಿಕೆ ಎಂದರೆ ಈಗ ನನಗೆ ಭಯ, ಇನ್ನೇನು ಕಿತ್ತುಕೊಳ್ಳುತ್ತಾರೋ ಎಂದು. ಅದೂ ಅಲ್ಲದೆ ಪುಸ್ತಕದ ಮುಖಪುಟವನ್ನು ಇನ್ನೊಮ್ಮೆ ನೋಡುವ ಧೈರ್ಯ ನನಗಿಲ್ಲ. ಅದು ಬೇಕರಿಯವನ ಹೆಂಡತಿಯ ಮನೆ ಬಾಗಿಲು. ಅವಳ ಹಳೆಯ ಕುಪ್ಪಸದಿಂದ ಹರಿದ ನೀಲಿ ತುಂಡು, ಬೆಳಗಿನ ಬಿಸಿಲು, ಚಂದವಾಗಿಯೇ ಬಂದಿದೆ. ಚಿಲಕದ ಕೆಳಗೆ ಬೀಗ ಇರಬೇಕಾದ ಕಡೆ ನಿನ್ನ ಹೆಸರಿದೆ, ದಪ್ಪ ಅಕ್ಷರದಲ್ಲಿ. ಹೆಸರಿನ ಕೆಳಗೆ ಬೀಗದ ತುದಿ ಒಂಚೂರು ಇಣುಕುತ್ತದೆ, ಗೊತ್ತಿದ್ದವರಿಗೆ ಕಾಣುತ್ತದೆ.

ಒಂದು ಮಾತು ಕೇಳುತ್ತೇನೆ, ಕಾಗದದಲ್ಲಿ ಉತ್ತರ ಬರೆಯಬೇಡ. ಆ ಫೋಟೋ ತೆಗೆಯುವಾಗ ಬಿಸಿಲಿತ್ತು, ಅಂದರೆ ಎಲ್ಲರೂ ಪಾಳಿಗೆ ಹೋಗಿಯಾಗಿತ್ತು. ನೀನು ಒಬ್ಬನೇ ಆ ಬಾಗಿಲ ಮುಂದೆ ಹಿಂದೆ ಮುಂದೆ ನಡೆದು, ಬೆಳಕು ಸರಿಹೊಂದಿಸಿಕೊಂಡು, ಹತ್ತಾರು ಸಲ ಕ್ಲಿಕ್ಕಿಸಿರಬೇಕು. ಹೆಜ್ಜೆ ಸಪ್ಪಳ ಕೇಳಿದರೆ ಒಳಗಿನ ಮಗು ಬಾಗಿಲಿಗೆ ಬರುತ್ತದೆ ತಮ್ಮಾ, ಬಂದೇ ಬರುತ್ತದೆ. ನಿನಗಿಂತ ಚೆನ್ನಾಗಿ ಅದು ಯಾರಿಗೆ ಗೊತ್ತು? ನೀನು ಕೆಳಗೆ ನೋಡಲಿಲ್ಲವೇ? ಅಥವಾ ನೋಡಿದೆಯಾ?

ಬರೆಯುತ್ತಾ ಬರೆಯುತ್ತಾ ಕೈ ಬಿಗಿಯಿತು, ಅಕ್ಷರ ನೋಡು, ಕೋಳಿ ಕೆದಕಿದ ಹಾಗಿದೆ. ಕೋಪದಲ್ಲಿ ಏನಾದರೂ ಹೆಚ್ಚುಕಮ್ಮಿ ಬರೆದಿದ್ದರೆ ಹೊಟ್ಟೆಗೆ ಹಾಕಿಕೋ ಎಂದು ಬರೆಯಬೇಕು, ವಾಡಿಕೆ ಹಾಗಿದೆ. ಈ ಸಲ ಹಾಕಿಕೊಳ್ಳಬೇಡ. ಉರಿಯುವ ಹೊಟ್ಟೆಯಲ್ಲಿ ಇದೂ ಸ್ವಲ್ಪ ಉರಿಯಲಿ. ರೇಡಿಯೋ ಅಜ್ಜಿ ನಿನಗೆ ಒಳ್ಳೆಯದಾಗಲಿ ಎಂದು ಹೇಳಲು ಹೇಳಿದ್ದಾಳೆ. ಟೈಲರಮ್ಮ ಏನೂ ಹೇಳಿಲ್ಲ. ಬೇಕರಿಯವನ ಹೆಂಡತಿಯನ್ನು ನಾನು ಕೇಳಲಿಲ್ಲ. ಮಗಳಿಂದ ಮಾವನಿಗೆ ನಮಸ್ಕಾರ, ಗುಬ್ಬಿಯಿಂದ ಟೈ ತಾತನಿಗೆ ಒಂದು ಮುತ್ತು, ಕಾಗದದ ಮೂಲೆಯಲ್ಲಿ ಎಂಜಲಿನ ಗುರುತಿದೆ ನೋಡು. ನೀನು ಚೆನ್ನಾಗಿರು, ನೂರು ಕಾಲ ಬಾಳು, ಮೂರು ಹೊತ್ತು ಉಣ್ಣು. ಬೈದರೂ ನಿನ್ನನ್ನು ಹರಸದೆ ಕಾಗದ ಮಡಚಲು ನನಗೆ ಬರುವುದಿಲ್ಲ.

ಇಂತಿ,
ನಿನ್ನ ಅಕ್ಕ
(ಮಾಹಿತಿದಾರಳು ೧೧)

ತಾಜಾಕಲಂ: ಮಗಳು ಅಂಚೆಗೆ ಹಾಕಲು ಚಪ್ಪಲಿ ಮೆಟ್ಟಿ ನಿಂತಿದ್ದಾಳೆ, ಬೇಗ ಬರೆಯುತ್ತೇನೆ. ಬರುವ ಬುಧವಾರವಲ್ಲ, ಅದರ ಮುಂದಿನ ಬುಧವಾರ, ೨೧ನೇ ತಾರೀಕು ಮಧ್ಯಾಹ್ನ ಮೂರೂವರೆಗೆ ಕಚೇರಿಯಲ್ಲಿ ನಮ್ಮ ಅಹವಾಲು ಕೇಳುತ್ತಾರೆ. ನಾವೆಲ್ಲ ಹೋಗಿ, ಮಕ್ಕಳನ್ನು ಬೀಗ ಹಾಕಿ ಹೋಗುತ್ತೇವೆ ಎಂದು ಬಾಯಿ ಬಿಟ್ಟು ಹೇಳುವುದು ಎಂದು ತೀರ್ಮಾನಿಸಿದ್ದೇವೆ. ಮಕ್ಕಳನ್ನು ಎತ್ತಿಕೊಂಡು ಹೋದರೆ ಎಂಬ ಭಯ ಎಲ್ಲರಿಗೂ ಇದೆ. ಆದರೂ ಬೇಕರಿಯವನ ಹೆಂಡತಿಯೇ ಮೊದಲು ಮಾತಾಡುತ್ತಾಳಂತೆ. ನಾವು ಹೇಳಿದ ತಕ್ಷಣ ಮೇಡಂ ನಿನ್ನ ಪುಸ್ತಕ ಎತ್ತಿ ತೋರಿಸುತ್ತಾರೆ. ಆಗ ನೀನು ಅಲ್ಲಿರಬೇಕು. ಈ ಹೆಂಗಸರು ಹೆದರಿ ಸುಳ್ಳು ಹೇಳಿದರು ಅನ್ನು, ನಮ್ಮಕ್ಕನೇ ಹೇಳಿಸಿದಳು ಅನ್ನು, ಪರವಾಗಿಲ್ಲ. ಆದರೆ ಬೀಗ ನನಗೆ ಗೊತ್ತಿತ್ತು ಅಂತಲೂ ಅನ್ನು. ನಿನ್ನ ಬಿಡುಗಡೆ ಅದೇ ವಾರದ ಶನಿವಾರ ಎಂದು ಗೊತ್ತು. ಬುಧವಾರ ಹೀಗೆ ಹೇಳಿದವನಿಗೆ ಶನಿವಾರ ವೇದಿಕೆ ಇರುತ್ತದೋ ಇಲ್ಲವೋ, ಅದೂ ಗೊತ್ತಿದ್ದೇ ಕೇಳುತ್ತಿದ್ದೇನೆ.

ಬರುವುದಾದರೆ ಬೆಳಗಿನ ರೈಲಿಗೆ ಬಾ. ನೀನು ಬರುವಾಗ ನಾವಿಬ್ಬರೂ ಮನೆಯಲ್ಲಿರುವುದಿಲ್ಲ. ಕಳೆದ ಸೋಮವಾರದಿಂದ ನಮ್ಮ ಬಾಗಿಲಿಗೂ ಬಟ್ಟೆ ಬಿದ್ದಿದೆ, ಕೆಂಪು ಬಣ್ಣದ್ದು, ಗುಬ್ಬಿಯೇ ಆರಿಸಿದ್ದು. ಬೀಗದ ಕೈ ರೇಡಿಯೋ ಅಜ್ಜಿಯ ಹತ್ತಿರ ಇರುತ್ತದೆ. ಕೂಗಿದರೆ ಅವಳಿಗೆ ಕೇಳುವುದಿಲ್ಲ, ಎದುರಿಗೆ ಹೋಗಿ ನಿಲ್ಲು. ನಮ್ಮ ಬಾಗಿಲು ಮಾತ್ರ ತಟ್ಟಬೇಡ, ನಾನು ಬಂದೆ ಎಂದುಕೊಳ್ಳುತ್ತಾಳೆ ಗುಬ್ಬಿ. ಹೆಜ್ಜೆ ಸಪ್ಪಳಕ್ಕೇ ಓಡಿ ಬಂದು ಕೆಳಗಿನ ಸಂದಿಯಲ್ಲಿ ಬೆರಳು ತೂರಿಸಿರುತ್ತಾಳೆ. ಬಾಗಿಲು ತೆಗೆಯುವಾಗ ಜೋಪಾನ.